ಎರೆ ನೆಲದ ಮೇಲೆ ಉಗಿ ರೈಲು: ಏಪ್ರಿಲ್ ಬಿಸಿಲಿಗೆ ಹಳಿ ಹಾವಿನ ಹಾಗೆ ಸೊಟ್ಟಗಾಯಿತು, ಏನು ಮಾಡಲಿ?

ಹಿತ್ತಲ ರೈಲು (ಕಲಬುರಗಿ), ಏಪ್ರಿಲ್ 19

ಎಲ್ಲರಿಗೂ ನಮಸ್ಕಾರ ರೀ. ಮನೆ ಹಿಂದಿನ ಹಿತ್ತಲಲ್ಲಿ ಪುಟ್ಟ ಮಾದರಿ ರೈಲಿಗೆ 18 ಮೀಟರ್ ಸುತ್ತಳತೆಯ ಹಳಿ ಹಾಕಿದ್ದೇನೆ. 45 ಮಿ.ಮೀ. ಗೇಜು (ಎರಡು ಹಳಿಯ ನಡುವಿನ ಅಗಲ), ಹಿತ್ತಾಳೆ ಹಳಿ, ಹಳಿ ಕೆಳಗೆ ಅಡ್ಡಕ್ಕೆ ಪ್ಲಾಸ್ಟಿಕ್ ಸ್ಲೀಪರ್. ಎಂಜಿನ್ ಒಂದೇ. ನಾಲ್ಕು ಚಕ್ರದ್ದು, ಬ್ಯೂಟೇನ್ ಗ್ಯಾಸಿನ ಉರಿಯಲ್ಲಿ ನೀರು ಕಾಯಿಸಿ ಖರೇನೇ ಉಗಿಯಿಂದ ಓಡುತ್ತದೆ, ಕರೆಂಟಿನ ಆಟ ಅಲ್ಲ. ಪುಣೆಯ ಗೆಳೆಯರೊಬ್ಬರು ಬಳಸಿದ್ದನ್ನು ತಗೊಂಡೆ.

ಜನವರಿಯಲ್ಲಿ ಹಾಕಿದಾಗ ಮಸ್ತ್ ಓಡಿತು. ಈಗ ಎರಡು ತೊಂದರೆ. ಒಂದು, ಪೇರಲ ಗಿಡದ ಹತ್ತಿರ ಹಳಿ ಉಬ್ಬಿ ಪಕ್ಕಕ್ಕೆ ಬಾಗಿದೆ. ಬೆಳಿಗ್ಗೆ ಸ್ವಲ್ಪ ಸರಿ ಇರುತ್ತದೆ, ಮಧ್ಯಾಹ್ನ ನೋಡಿದರೆ ಹಾವು ಮಲಗಿದ ಹಾಗೆ. ಎರಡು, ಕೆಳಗೆ ಹಾಕಿದ್ದ ಮೂರು ಇಂಚಿನ ಕಾಂಕ್ರೀಟ್ ಎರಡು ಕಡೆ ಸೀಳಿದೆ, ಒಂದು ಭಾಗ ಕುಸಿದಿದೆ. ಹಾಗಾಗಿ ಎಂಜಿನ್ ಒಂದು ಬದಿಯಲ್ಲಿ ಏರು ಹತ್ತಲಾರದೆ ನಿಲ್ಲುತ್ತದೆ, ಕೈ ಕೊಟ್ಟು ದಾಟಿಸಿದರೆ ಇಳಿಜಾರಿನಲ್ಲಿ ಹುಚ್ಚು ಹಿಡಿದವರ ಹಾಗೆ ಓಡುತ್ತದೆ. ಮೊನ್ನೆ ತಿರುವಿನಲ್ಲಿ ಬಿದ್ದೇಬಿಟ್ಟಿತು, ಬೆಂಕಿ ಉರಿಯುತ್ತಿರುವಾಗಲೇ. ಎಂಜಿನ್‌ಗೆ ಏನೂ ಆಗಲಿಲ್ಲ. ಮಲ್ಲಿಗೆ ಬಳ್ಳಿ ಒಂದಷ್ಟು ಸುಟ್ಟಿತು. ಮನೆಯಲ್ಲಿ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಾ ಇಲ್ಲ.

ಗೊತ್ತಿದ್ದವರು ಹೇಳಿ. ಹೊಸ ಎಂಜಿನ್ ತಗೊಳ್ಳಬೇಕಾ ಅನ್ನೋ ಯೋಚನೆಯೂ ಇದೆ. ರಿಮೋಟ್ ಇರುವುದಾದರೆ ಇಳಿಜಾರಿನಲ್ಲಿ ತಡೆದು ಹಿಡಿಯಬಹುದು ಅಂತ.

ವಾಡಿ ಜಂಕ್ಷನ್, ಏಪ್ರಿಲ್ 19

ಎಂಜಿನ್ ಮಾತು ಆಮೇಲೆ. ಹಳಿಯನ್ನು ಕಾಂಕ್ರೀಟಿಗೆ ಸ್ಕ್ರೂ ಹೊಡೆದು ಕೂರಿಸಿದ್ದೀರಾ?

ಹಿತ್ತಲ ರೈಲು, ಏಪ್ರಿಲ್ 19

ಹೌದು ಕಾಕಾ. ಅಡಿಗೊಂದು ಸ್ಕ್ರೂ. ಗಟ್ಟಿ ಇರಲಿ ಅಂತ.

ವಾಡಿ ಜಂಕ್ಷನ್, ಏಪ್ರಿಲ್ 20

ಅಲ್ಲೇ ಆಗಿದ್ದು. ಲೆಕ್ಕ ಹಾಕೋಣ ಬನ್ನಿ. ಹಿತ್ತಾಳೆ ಒಂದು ಡಿಗ್ರಿ ಕಾದರೆ ಮೀಟರಿಗೆ 0.019 ಮಿ.ಮೀ. ಬೆಳೆಯುತ್ತದೆ. ನೀವು ಹಾಕಿದ್ದು ಜನವರಿ ಬೆಳಿಗ್ಗೆ, 18 ಡಿಗ್ರಿ ಅಂತ ಇಟ್ಟುಕೊಳ್ಳಿ. ಈಗ ಗಾಳಿ 42 ಇದ್ದರೂ ಬಿಸಿಲಲ್ಲಿ ಬಿದ್ದಿರುವ ಹಳಿ ಹತ್ತಿರಹತ್ತಿರ 58ಕ್ಕೆ ಹೋಗುತ್ತದೆ, ಕೈ ಇಟ್ಟು ನೋಡಿ, ಇಡೋಕಾಗಲ್ಲ. 40 ಡಿಗ್ರಿ ವ್ಯತ್ಯಾಸ, 18 ಮೀಟರ್ ಹಳಿ, ಗುಣಿಸಿದರೆ 14 ಮಿ.ಮೀ. ಹತ್ತಿರ. ಆ 14 ಮಿ.ಮೀ. ಎಲ್ಲಿಗೆ ಹೋಗಬೇಕು? ನೀವು ಅಡಿಗಡಿಗೂ ಕಟ್ಟಿಹಾಕಿದ್ದೀರಿ. ಎಲ್ಲಿ ಸ್ಕ್ರೂ ಸಡಿಲ ಇತ್ತೋ ಅಲ್ಲಿ ನುಗ್ಗಿ ಹೊರಗೆ ಬಂದಿದೆ, ಅದು ಪೇರಲ ಗಿಡದ ಹತ್ತಿರ ಆಗಿದೆ ಅಷ್ಟೇ. ಅಲ್ಯೂಮಿನಿಯಂ ಹಳಿ ಇದ್ದಿದ್ದರೆ ಇನ್ನೂ ಜಾಸ್ತಿ, 0.023. ಉಕ್ಕು 0.012, ಅದು ಪರವಾಗಿಲ್ಲ, ಆದರೆ ಮಳೆಗಾಲದಲ್ಲಿ ತುಕ್ಕು.

ನಮ್ಮಪ್ಪ ಗ್ಯಾಂಗ್‌ಮನ್ ಆಗಿದ್ದರು. ಬೇಸಿಗೆ ಮಧ್ಯಾಹ್ನ ಎಲ್ಲರೂ ನೆರಳಲ್ಲಿ ಮಲಗಿದ್ದರೆ ಅವರು ತಲೆಗೆ ಟವೆಲ್ ಸುತ್ತಿಕೊಂಡು ಹಳಿ ನೋಡೋಕೆ ಹೋಗುತ್ತಿದ್ದರು, ಎಲ್ಲಾದರೂ ಬಕಲ್ ಆಗಿದೆಯಾ ಅಂತ. ದೊಡ್ಡ ರೈಲಿಗೂ ನಿಮ್ಮ ರೈಲಿಗೂ ರೋಗ ಒಂದೇ. ಔಷಧ ಮಾತ್ರ ಬೇರೆ. ಅಲ್ಲಿ ಉದ್ದುದ್ದ ಬೆಸೆದು, ಭಾರದ ಕಾಂಕ್ರೀಟ್ ಸ್ಲೀಪರ್ ಮತ್ತು ರಾಶಿ ಖಡಿ ಹಾಕಿ ಒತ್ತಿ ಹಿಡಿಯುತ್ತಾರೆ. ನಮ್ಮ ಹತ್ತಿರ ಆ ಭಾರ ಇಲ್ಲ, ಹಾಗಾಗಿ ಬಿಟ್ಟುಕೊಡಬೇಕು.

ಸ್ಕ್ರೂ ಎಲ್ಲ ಬಿಚ್ಚಿ. ಇಡೀ ಸುತ್ತಿನಲ್ಲಿ ಒಂದೇ ಕಡೆ ಕಟ್ಟಿ, ಉಳಿದದ್ದು ಸಣ್ಣ ಖಡಿಯಲ್ಲಿ ಸುಮ್ನೆ ಕೂತಿರಲಿ. ತಿರುವುಗಳು ಬಿಸಿಲಿಗೆ ಹೊರಗೆ ಸರಿಯುತ್ತವೆ, ರಾತ್ರಿ ಒಳಗೆ ಬರುತ್ತವೆ. ಉಸಿರಾಡಿದ ಹಾಗೆ. ಮತ್ತೆ ಜಾಯಿಂಟ್‌ಗಳಲ್ಲಿ ಸಂದು ಬಿಡಿ. ಒಂದೂವರೆ ಮೀಟರಿನ ತುಂಡು ಅಷ್ಟೇ ಬಿಸಿಗೆ ಒಂದು ಮಿ.ಮೀ. ಚಿಲ್ಲರೆ ಬೆಳೆಯುತ್ತದೆ. ಚಳಿಗಾಲದಲ್ಲಿ ಹಾಕುವುದಾದರೆ ಅಷ್ಟು ಸಂದು ಬೇಕು. ಮೇ ತಿಂಗಳ ಮಧ್ಯಾಹ್ನ ಹಾಕುವುದಾದರೆ ಲಗ್ನಪತ್ರಿಕೆ ದಪ್ಪ ಸಾಕು.

ಉಗಿ ಎಂಜಿನ್ ಇಟ್ಟವರಿಗೆ ಒಂದು ಸುಖ ಇದೆ. ಹಳಿಯಲ್ಲಿ ಕರೆಂಟ್ ಹರಿಯಬೇಕಾಗಿಲ್ಲ. ಹಾಗಾಗಿ ಜಾಯಿಂಟ್ ಬಿಗಿ ಮಾಡುವ ಕ್ಲಾಂಪ್ ಬೇಡವೇ ಬೇಡ. ಜಾರುವ ಜಾಯಿನರ್ ಇರಲಿ.

ಫರ್ಸಿ ಕಲ್ಲು (ಶಹಾಬಾದ್), ಏಪ್ರಿಲ್ 20

ಕಾಕಾ ಹೇಳಿದ್ದು ಮೇಲಿನ ಕಥೆ. ಕೆಳಗಿನ ಕಥೆ ನಾನು ಹೇಳುತ್ತೇನೆ, ಯಾಕೆಂದರೆ ನನ್ನ ದಂಧೆಯೇ ಅದು.

ಎರೆ ಮಣ್ಣಿನ ಮೇಲೆ ಮೂರು ಇಂಚು ಕಾಂಕ್ರೀಟ್ ಹಾಕಿದರೆ ಅದು ಹಪ್ಪಳ ರೀ. ಮಳೆಗಾಲದಲ್ಲಿ ಎರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ. ಹೊಲದಲ್ಲಿ ನೋಡಿಲ್ವಾ? ಬಿರುಕಿಗೆ ಕೋಲು ಬಿಟ್ಟರೆ ಪೂರ್ತಿ ಒಳಗೆ ಹೋಗುತ್ತದೆ. ಅದರ ಮೇಲೆ ಮನೆಯೇ ಸೀಳುತ್ತದೆ, ನಿಮ್ಮ ಹಳಿ ಯಾವ ಲೆಕ್ಕ. ಮಜಾ ಏನೆಂದರೆ ಎಲ್ಲ ಕಡೆ ಒಂದೇ ಸಮ ಉಬ್ಬಿದ್ದರೆ ಏನೂ ಆಗುತ್ತಿರಲಿಲ್ಲ. ನಿಮ್ಮ ಪೇರಲ ಗಿಡ ಇದೆಯಲ್ಲ, ಅದರ ಬೇರು ಒಂದು ಕಡೆಯ ನೀರು ಎಳೆಯುತ್ತದೆ. ಬಚ್ಚಲ ನೀರು ಬಿಡುವ ಕಡೆ ಮಣ್ಣು ಸದಾ ಹಸಿ. ಅಲ್ಲಿ ಉಬ್ಬು, ಇಲ್ಲಿ ಕುಸಿತ, ನಡುವೆ ಸೀಳು. ಫೋಟೋ ಹಾಕಿ, ಸೀಳು ಬಂದಿರುವುದು ಬಚ್ಚಲಿಗೂ ಗಿಡಕ್ಕೂ ನಡುವೆಯೇ ಇರುತ್ತದೆ, ಬೇಕಿದ್ದರೆ ಪಂಥ.

ಹಿತ್ತಲ ರೈಲು, ಏಪ್ರಿಲ್ 20

ಪಂಥ ನೀವೇ ಗೆದ್ದಿರಿ. ಸರಿಯಾಗಿ ನಡುವೆ.

ಫರ್ಸಿ ಕಲ್ಲು, ಏಪ್ರಿಲ್ 20

😀 ಎರಡು ದಾರಿ ಇದೆ. ಒಂದು, ಹಳಿ ಹೋಗುವ ಜಾಗದಲ್ಲಿ ಒಂದೂವರೆಯಿಂದ ಎರಡು ಅಡಿ ಎರೆ ತೆಗೆದು ಹೊರಗೆ ಹಾಕಿ, ಮುರುಮ್ (ಗರಸು ಮಣ್ಣು) ತುಂಬಿ, ಅರ್ಧ ಅಡಿಗೊಂದು ಸಲ ನೀರು ಹೊಡೆದು ದಮ್ಮಸು ಮಾಡಿ. ಆಮೇಲೆ ಖಡಿ, ಆಮೇಲೆ ಹಳಿ. ಇನ್ನೊಂದು, ನೆಲವನ್ನೇ ಬಿಟ್ಟು ಮೇಲೆ ಹೋಗಿ. ಫರ್ಸಿ, ಅಂದರೆ ನಮ್ಮ ಶಹಾಬಾದ್ ಹಾಸುಗಲ್ಲಿನ ತುಂಡುಗಳನ್ನು ಕಂಬದ ಹಾಗೆ ನೆಟ್ಟು, ಅದರ ಮೇಲೆ ಉದ್ದ ಫರ್ಸಿ ಹಾಸಿ. ನಮ್ಮ ಕಡೆ ಹಿತ್ತಲಿಗೆ, ಹೊಲಕ್ಕೆ ಫರ್ಸಿ ನಿಲ್ಲಿಸಿ ಗೋಡೆ ಮಾಡ್ತೀವಲ್ಲ, ಅದೇ ಉಪಾಯ. ಕಂಬ ಎರಡು ಅಡಿ ಒಳಗೆ ಹೋಗಲಿ, ಮೂರು ಅಡಿಗೊಂದು ಇರಲಿ. ಅದಕ್ಕಿಂತ ದೂರ ಇಟ್ಟರೆ ಮೇಲಿನ ಕಲ್ಲು ಯಾರಾದರೂ ಕೂತ ದಿನ ಮುರಿಯುತ್ತದೆ. ಕೂರಬೇಡಿ ಅಂದರೂ ಕೂರುತ್ತಾರೆ.

ಬೀದರ್ ಕೆಂಪು ಮಣ್ಣು, ಏಪ್ರಿಲ್ 21

ಹೆಸರೇ ಹೇಳುತ್ತದೆ ನನಗೆ ಈ ತೊಂದರೆ ಯಾಕಿಲ್ಲ ಅಂತ. ನಮ್ಮಲ್ಲಿ ಅರ್ಧ ಅಡಿ ಅಗೆದರೆ ಕೆಂಪು ಜಂಬಿಟ್ಟಿಗೆ, ನೀರು ನಿಲ್ಲೋದೇ ಇಲ್ಲ. ಎಂಟು ವರ್ಷ ಆಯಿತು, ಖಡಿಯ ಮೇಲೆ ಸುಮ್ನೆ ಹಳಿ ಇಟ್ಟಿದ್ದೇನೆ, ವರ್ಷಕ್ಕೆ ಒಂದು ಸಲ ಮಟ್ಟ ನೋಡಿದರೆ ಸಾಕು.

ಆದರೂ ನಾನು ಎರಡನೇ ದಾರಿಗೇ ವೋಟು ಹಾಕುತ್ತೇನೆ, ನೆಲದ ಕಾರಣಕ್ಕಲ್ಲ, ಮೊಣಕಾಲಿನ ಕಾರಣಕ್ಕೆ. ಉಗಿ ಎಂಜಿನ್ ಅಂದರೆ ಪ್ರತಿ ಅರ್ಧ ಗಂಟೆಗೆ ಬಗ್ಗಬೇಕು, ನೀರು, ಎಣ್ಣೆ, ಗ್ಯಾಸು, ಬೆಂಕಿ. ನಲವತ್ತು ದಾಟಿದ ಮೇಲೆ ನೆಲದ ಮೇಲಿನ ಹಳಿ ವ್ಯಾಯಾಮ.

ಮಟ್ಟಕ್ಕೆ ಸ್ಪಿರಿಟ್ ಲೆವಲ್ ನಂಬಬೇಡಿ, ಒಂದೊಂದು ಅಡಿಯ ತಪ್ಪು ಸೇರಿ ಸುತ್ತು ಮುಗಿಯುವಷ್ಟರಲ್ಲಿ ಎರಡು ಬೆರಳು ಆಗುತ್ತದೆ. ಗೌಂಡಿಗಳ ನೀರಿನ ಪೈಪು ತಗೊಳ್ಳಿ. ಹತ್ತಿಪ್ಪತ್ತು ರೂಪಾಯಿ ಮೀಟರಿನ ಪಾರದರ್ಶಕ ಪೈಪು ಎಂಥ ಯಂತ್ರಕ್ಕೂ ಕಡಿಮೆ ಇಲ್ಲ. ರಿಮೋಟ್ ಇಲ್ಲದ ಎಂಜಿನ್‌ಗೆ ಮೀಟರಿಗೆ ಒಂದು ಸೆಂ.ಮೀ. ಏರಿಳಿತವೂ ಗೊತ್ತಾಗುತ್ತದೆ. ರೆಗ್ಯುಲೇಟರ್, ಅಂದರೆ ಸಿಲಿಂಡರಿಗೆ ಉಗಿ ಬಿಡುವ ವಾಲ್ವು, ಒಂದು ಸಲ ಇಟ್ಟರೆ ಅಷ್ಟೇ, ಅದಕ್ಕೇನು ಗೊತ್ತು ಮುಂದೆ ಇಳಿಜಾರು ಇದೆ ಅಂತ.

ಯಾದಗಿರಿ ಹುಡುಗ, ಏಪ್ರಿಲ್ 23

ಅಣ್ಣಾ, ಅಕ್ಕಾ, ಕಾಕಾ ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಎರಡನೇ ವರ್ಷ. ಎಂಜಿನ್ ಬೆಲೆ ನೋಡಿ ಎದೆ ಒಡೆಯಿತು. ಇಂಗ್ಲೆಂಡಿನ ರೌಂಡ್‌ಹೌಸ್, ಜರ್ಮನಿಯ ರೆಗ್ನರ್ ಕಂಪನಿಗಳದ್ದು ಎಲ್ಲ ನೋಡಿದೆ, ಅಪ್ಪನ ಬೈಕಿಗಿಂತ ಜಾಸ್ತಿ. ಹಾಗಾಗಿ ನಾನೇ ಮಾಡೋಣ ಅಂತ. ಹಳೇ ಚಿಕ್ಕ ಕುಕ್ಕರ್ ಇದೆ, ಅದರ ಸೀಟಿ ತೆಗೆದು ಅಲ್ಲಿಂದ ಪೈಪ್ ಎಳೆದರೆ? ಇಲ್ಲ ಅಂದರೆ ತಾಮ್ರದ ಪೈಪಿಗೆ ಎರಡು ಕಡೆ ಮುಚ್ಚಳ ಇಟ್ಟು ಸೋಲ್ಡರ್ ಮಾಡಿದರೆ? ನನ್ನ ಹತ್ತಿರ ಸೋಲ್ಡರಿಂಗ್ ಐರನ್ ಇದೆ.

ಲೇಥ್ ಅಕ್ಕ (ಕಲಬುರಗಿ), ಏಪ್ರಿಲ್ 23

ತಮ್ಮಾ, ಎರಡೂ ಬೇಡ. ಬೈಯುತ್ತಿಲ್ಲ, ಹೇಳುತ್ತೇನೆ ಕೇಳು.

ಕುಕ್ಕರಿನ ಸೀಟಿಯೂ ಎಂಜಿನ್ನಿನ ಸೇಫ್ಟಿ ವಾಲ್ವೂ ಅಣ್ಣತಮ್ಮ, ಖರೆ. ಆದರೆ ಕುಕ್ಕರ್ ಚದರ ಇಂಚಿಗೆ ಸುಮಾರು 15 ಪೌಂಡ್ ಒತ್ತಡಕ್ಕೆ, 120 ಡಿಗ್ರಿಗೆ ಮಾಡಿದ್ದು. ಸೀಟಿ ತೆಗೆದರೆ ಅದರ ಕಾವಲುಗಾರನನ್ನೇ ತೆಗೆದ ಹಾಗೆ. ನಿನ್ನ ಪೈಪು ಮುಚ್ಚಿಕೊಂಡರೆ ಉಗಿ ಎಲ್ಲಿಗೆ ಹೋಗಬೇಕು? ಅಮ್ಮನ ಕುಕ್ಕರ್ ಅಮ್ಮನಿಗೇ ಇರಲಿ.

ಇನ್ನು ಸೋಲ್ಡರ್. ನಮ್ಮ ಅಳತೆಯ ಎಂಜಿನ್‌ಗಳು ಸಾಮಾನ್ಯವಾಗಿ 40 ಪೌಂಡ್ ಒತ್ತಡದಲ್ಲಿ ಓಡುತ್ತವೆ. ಆ ಒತ್ತಡದಲ್ಲಿ ನೀರು ಕುದಿಯುವುದು 100ಕ್ಕೆ ಅಲ್ಲ, 140 ಡಿಗ್ರಿಗೆ. ರೇಡಿಯೋ ರಿಪೇರಿ ಮಾಡುವ ಸೀಸದ ಸೋಲ್ಡರ್ 183ಕ್ಕೇ ಕರಗೋಕೆ ಶುರು. ನೀರು ಇರುವ ತನಕ ಹೇಗೋ ನಡೆಯುತ್ತದೆ. ನೀರು ಮುಗಿದು ಬೆಂಕಿ ಉರಿಯುತ್ತಿದ್ದರೆ ಮುಚ್ಚಳ ಬಿಡುತ್ತದೆ. ಅದಕ್ಕೇ ಬೆಳ್ಳಿ ಬೆಸುಗೆ ಬೇಕು, ಅದು ಕರಗುವುದು 600 ದಾಟಿದ ಮೇಲೆ. ಅದಕ್ಕೆ ಐರನ್ ಸಾಲದು, ದೊಡ್ಡ ಟಾರ್ಚ್ ಬೇಕು, ಇಡೀ ತಾಮ್ರ ಕೆಂಪಗಾಗಬೇಕು. ವಾಲ್ವು, ಒತ್ತಡದ ಗೇಜು ಕೂರಿಸುವ ಬುಷ್‌ಗಳು ಹಿತ್ತಾಳೆ ಬೇಡ, ಗನ್‌ಮೆಟಲ್ ಅಥವಾ ಕಂಚು ಇರಲಿ. ಬಿಸಿ ನೀರು ವರ್ಷಗಟ್ಟಲೆ ಹಿತ್ತಾಳೆಯಲ್ಲಿನ ಸತುವನ್ನು ತಿಂದು ಹಾಕುತ್ತದೆ, ಹೊರಗಿಂದ ನೋಡಿದರೆ ಚೆನ್ನಾಗೇ ಇರುತ್ತದೆ, ಒಳಗೆ ಟೊಳ್ಳು.

ಬಾಯ್ಲರ್ ಆದ ಮೇಲೆ ಬೆಂಕಿ ಹಚ್ಚೋಕೆ ಮೊದಲು ತಣ್ಣೀರಲ್ಲಿ ಪರೀಕ್ಷೆ. ಗಾಳಿಯ ಗುಳ್ಳೆ ಒಂದೂ ಇಲ್ಲದ ಹಾಗೆ ನೀರು ತುಂಬಿಸಿ, ಕೈಪಂಪಿನಿಂದ ಎರಡು ಪಟ್ಟು, ಅಂದರೆ 80 ಪೌಂಡಿಗೆ ಒತ್ತಿ, ಕಾಲು ಗಂಟೆ ಬಿಡು. ಒತ್ತಡದ ಗೇಜಿನ ಮುಳ್ಳು ಇಳಿಯಬಾರದು. ನೀರಿನಲ್ಲೇ ಯಾಕೆ ಅಂದರೆ ಸೋರಿದರೂ ಒಂದು ಹನಿ ಬೀಳುತ್ತದೆ, ಅಷ್ಟೇ. ಅದೇ ಕೆಲಸ ಸೈಕಲ್ ಪಂಪಿನ ಗಾಳಿಯಲ್ಲಿ ಮಾಡಿದರೆ ಸಿಡಿಯುತ್ತದೆ. ನಮ್ಮ ವರ್ಕ್‌ಶಾಪಿಗೆ ಒಬ್ಬರು ಹಾಗೆ ಮಾಡಿ ತಂದಿದ್ದರು, ಮುಚ್ಚಳ ಗೋಡೆಗೆ ಹೋಗಿ ಕೂತಿತ್ತಂತೆ.

ಕಾನೂನು ಕೇಳುತ್ತಾರೆ ಅಂತ ಮೊದಲೇ ಹೇಳುತ್ತೇನೆ, 25 ಲೀಟರಿಗಿಂತ ಚಿಕ್ಕದು ಬಾಯ್ಲರ್ ಕಾಯ್ದೆಗೆ ಬರಲ್ಲ. ನಮ್ಮದು ಕಾಲು ಲೀಟರ್ ಆಚೀಚೆ. ಅಂದರೆ ಯಾರೂ ಬಂದು ನೋಡಲ್ಲ, ನೋಡಿಕೊಳ್ಳಬೇಕಾದವಳು ನಾನೇ ಅಂತ.

ಯಾದಗಿರಿ ಹುಡುಗ, ಏಪ್ರಿಲ್ 23

ಅಕ್ಕಾ ಹೆದರಿಸಿಬಿಟ್ಟಿರಿ. ಹಾಗಾದರೆ ನಾನು ಎಲ್ಲಿಂದ ಶುರು ಮಾಡಲಿ?

ಲೇಥ್ ಅಕ್ಕ, ಏಪ್ರಿಲ್ 24

ಎಂಜಿನ್ನಿಂದ, ಬಾಯ್ಲರ್‌ನಿಂದ ಅಲ್ಲ. ಆಡುವ ಸಿಲಿಂಡರ್ ಒಂದು ಮಾಡು. ಪಿಸ್ಟನ್ ಹೋಗಿಬರುವಾಗ ಸಿಲಿಂಡರೇ ತೊಟ್ಟಿಲ ಹಾಗೆ ತೂಗುತ್ತದೆ, ತೂಗುವಾಗ ಅದರ ತೂತು ಉಗಿಯ ತೂತಿಗೆ ಒಮ್ಮೆ, ಹೊರಗೆ ಬಿಡುವ ತೂತಿಗೆ ಒಮ್ಮೆ ಸರಿಹೊಂದುತ್ತದೆ. ಬೇರೆ ವಾಲ್ವು ಬೇಡ, ಕಡ್ಡಿಗಳ ಗೋಜಲೂ ಇಲ್ಲ. ಮಾಮೋಡ್ ಆಟಿಕೆ ಎಂಜಿನ್‌ಗಳಲ್ಲಿ ಇರುವುದೇ ಇದು. ಸೈಕಲ್ ಪಂಪಿನ ಗಾಳಿಯಲ್ಲಿ ಓಡಿಸಿ ನೋಡು, ಇಲ್ಲಿ ಗಾಳಿ ಪರವಾಗಿಲ್ಲ, ತುಂಬಿ ಇಡುವ ಪಾತ್ರೆ ಇಲ್ಲವಲ್ಲ. ಅದು ಓಡಿದ ದಿನ ವರ್ಕ್‌ಶಾಪಿಗೆ ಬಾ, ಬಾಯ್ಲರ್ ಜೊತೆಗೆ ಕೂತು ಮಾಡೋಣ.

ಅದಕ್ಕೂ ಮೊದಲು ಯಾವುದಾದರೂ ಜಾತ್ರೆಯಲ್ಲಿ ಎಣ್ಣೆ ಬತ್ತಿಯ ಟಿನ್ ದೋಣಿ ಸಿಕ್ಕರೆ ತಗೋ. ಟಪಟಪ ಅಂತ ಬೋಗುಣಿ ನೀರಲ್ಲಿ ಸುತ್ತುತ್ತದಲ್ಲ, ಅದು. ಅದರ ಹೊಟ್ಟೆ ಬಿಚ್ಚಿ ನೋಡಿದರೆ ಉಗಿ ಅಂದರೆ ಏನು ಅಂತ ಅರ್ಧ ಗೊತ್ತಾಗುತ್ತದೆ. ನಾನು ಶುರು ಮಾಡಿದ್ದು ಅದರಿಂದಲೇ.

ಬೀದರ್ ಕೆಂಪು ಮಣ್ಣು, ಏಪ್ರಿಲ್ 24

ಹುಡುಗ ಸ್ಪಿರಿಟ್ ಬರ್ನರ್ ಬಗ್ಗೆ ಯೋಚಿಸುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಿಸಿಲಲ್ಲಿ ಸ್ಪಿರಿಟ್ಟಿನ ಉರಿ ಕಣ್ಣಿಗೆ ಕಾಣೋದೇ ಇಲ್ಲ. ಚೆಲ್ಲಿ ಹತ್ತಿಕೊಂಡರೆ ಚರ್ಮ ಸುಟ್ಟಾಗಲೇ ಗೊತ್ತಾಗೋದು. ಪಕ್ಕದಲ್ಲಿ ಒದ್ದೆ ಗೋಣಿಚೀಲ ಇಲ್ಲದೆ ಹಚ್ಚಬೇಡಿ.

ಬೀದರಿನವನು ಅಂತ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ, ಬಿದ್ರಿ ಕೆಲಸದವರ ಹತ್ತಿರ ಎಂಜಿನ್ ಭಾಗ ಎರಕ ಹೊಯ್ಯಿಸಬಹುದಾ ಅಂತ. ಕೇಳಿದ್ದೇನೆ, ಮಾಡಿಸಿದ್ದೇನೆ. ಬಿದ್ರಿಯ ಲೋಹ ಬಹುಪಾಲು ಸತು, ಸ್ವಲ್ಪ ತಾಮ್ರ. ವ್ಯಾಗನ್ನಿನ ಬಫರ್, ಸ್ಟೇಷನ್ನಿನ ಗಂಟೆ, ದೀಪದ ಕಂಬ ಇದಕ್ಕೆಲ್ಲ ಭೇಷ್, ಮರಳಿನ ಅಚ್ಚಿನಲ್ಲಿ ಏನು ನಯ ಬರುತ್ತದೆ ಅಂತೀರಿ. ಆದರೆ ಬೆಂಕಿಯ ಹತ್ತಿರ ಬೇಡ, ಸತು 420ಕ್ಕೆ ಕರಗುತ್ತದೆ. ನನ್ನ ಚಿಮಣಿಯ ಬಾಯಿಗೆ ಬೆಳ್ಳಿ ಗೆರೆ ಹಾಕಿಸಿದ ಬಿದ್ರಿ ಉಂಗುರ ಕೂರಿಸೋಣ ಅಂತ ಬಹಳ ಆಸೆ ಇತ್ತು. ಚಿಮಣಿಯಲ್ಲಿ ಗ್ಯಾಸಿನ ಉರಿ ಹಚ್ಚುವುದು ನೆನಪಾಗಿ ಬಿಟ್ಟೆ. ಈಗ ಅದು ಹೆಂಡತಿಯ ಪೂಜೆ ಕೋಣೆಯಲ್ಲಿ ಊದುಬತ್ತಿಗೆ ಇದೆ.

ಹಿತ್ತಲ ರೈಲು, ಮೇ 2

ಸ್ಕ್ರೂ ಬಿಚ್ಚಿದೆ ಕಾಕಾ. ಕೊನೆಯ ಸ್ಕ್ರೂ ತೆಗೆಯುವಾಗ ಹಳಿ ಟಣ್ ಅಂತ ಹಾರಿ ನೇರ ಆಯಿತು! ಅಷ್ಟು ಒತ್ತಡ ಇತ್ತಾ ಅಂತ ಆಶ್ಚರ್ಯ. ಕಾಂಕ್ರೀಟ್ ಒಡೆಸುತ್ತಿದ್ದೇನೆ. ಫರ್ಸಿ ಅಣ್ಣನ ಎರಡನೇ ದಾರಿ ಹಿಡಿದಿದ್ದೇನೆ.

ಇನ್ನೊಂದು ಪ್ರಶ್ನೆ. ಈ ಬಿಸಿಲಿಗೆ ಎಂಜಿನ್ನಿನ ಗ್ಯಾಸ್ ತೊಟ್ಟಿಗೆ ಗ್ಯಾಸ್ ಏರುತ್ತಲೇ ಇಲ್ಲ. ಡಬ್ಬಿ ತುಂಬಾ ಇದೆ, ಒತ್ತಿದರೆ ಸುಯ್ ಅಂತ ಹೊರಗೇ ಹೋಗುತ್ತದೆ. ಏರಿದ ದಿನ ಬರ್ನರ್ ಕಿವಿ ಹರಿಯುವ ಹಾಗೆ ಊಳಿಡುತ್ತದೆ.

ಲೇಥ್ ಅಕ್ಕ, ಮೇ 2

ಎರಡಕ್ಕೂ ಕಾರಣ ಬಿಸಿಲೇ. ಡಬ್ಬಿಯಿಂದ ತೊಟ್ಟಿಗೆ ದ್ರವ ಗ್ಯಾಸ್ ಇಳಿಯಬೇಕು ಅಂದರೆ ತೊಟ್ಟಿ ಡಬ್ಬಿಗಿಂತ ತಣ್ಣಗಿರಬೇಕು. ಎಂಜಿನ್ ಈಗಷ್ಟೇ ಓಡಿ ನಿಂತಿರುತ್ತದೆ, ಮೈಯೆಲ್ಲ ಕೆಂಡ. ಒದ್ದೆ ಬಟ್ಟೆ ತೊಟ್ಟಿಗೆ ಸುತ್ತಿ ಹತ್ತು ನಿಮಿಷ ಬಿಡಿ, ಆಮೇಲೆ ಡಬ್ಬಿ ತಲೆಕೆಳಗೆ ಹಿಡಿದು ತುಂಬಿ. ನೆರಳಲ್ಲಿ, ಎಂಜಿನ್ ಪೂರ್ತಿ ಆರಿದ ಮೇಲೆ, ಹತ್ತಿರ ಎಲ್ಲೂ ಬೆಂಕಿ ಇಲ್ಲದಾಗ. ಇದು ಮಾತ್ರ ರಾಜಿಯಿಲ್ಲ.

ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಕುದಿಯುತ್ತದೆ. 40 ಡಿಗ್ರಿಯಲ್ಲಿ ಅದರ ಒತ್ತಡ ಗೇಜಿನಲ್ಲಿ ಎರಡು ಮುಕ್ಕಾಲು ಬಾರ್ (ಒಂದು ಬಾರ್ ಅಂದರೆ ಸುಮಾರು 14.5 ಪೌಂಡ್) ಆಚೀಚೆ, 60ಕ್ಕೆ ಹೋದರೆ ಐದು ದಾಟುತ್ತದೆ. ಅದಕ್ಕೇ ಊಳಿಡುವುದು. ಕಿವಿ ಇದ್ದವರು ವಾಲ್ವು ತಗ್ಗಿಸುತ್ತಾರೆ. ಅಡುಗೆ ಸಿಲಿಂಡರಿನ ಗ್ಯಾಸ್ ತುಂಬುವ ಐಡಿಯಾ ಯಾರಿಗಾದರೂ ಬಂದರೆ ಅದನ್ನು ಅಲ್ಲೇ ಬಿಡಿ. ಅದರಲ್ಲಿ ಪ್ರೊಪೇನ್ ಇರುತ್ತದೆ, ಒತ್ತಡ ಬಹಳ ಜಾಸ್ತಿ, ನಮ್ಮ ಪುಟ್ಟ ತೊಟ್ಟಿ ಅದಕ್ಕೆ ಮಾಡಿದ್ದಲ್ಲ.

ಬಾಯ್ಲರ್‌ಗೆ ಯಾವ ನೀರು ಹಾಕುತ್ತೀರಿ?

ಹಿತ್ತಲ ರೈಲು, ಮೇ 2

ಬೋರಿನ ನೀರು...

ಲೇಥ್ ಅಕ್ಕ, ಮೇ 2

ಅಯ್ಯೋ ಶಿವನೇ. ನಿಮ್ಮ ಮನೆ ಬಕೆಟ್ ನೋಡಿ, ಬಿಳಿ ಪೊರೆ ಕಟ್ಟಿಲ್ವಾ? ಅದೇ ಪೊರೆ ಬಾಯ್ಲರ್ ಒಳಗೆ ಕಟ್ಟುತ್ತಿದೆ. ನಮ್ಮ ಜಿಲ್ಲೆಯಲ್ಲಿ ಸುಣ್ಣಕಲ್ಲು ಬಹಳ, ಫರ್ಸಿ ಅಣ್ಣನ ಕಲ್ಲೂ ಅದೇ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಅಥವಾ ಮಳೆ ನೀರು ಹಿಡಿದು ಸೋಸಿ ಇಡಿ.

ಎಣ್ಣೆಯೂ ಹಾಗೇ. ಬೈಕಿನ ಎಂಜಿನ್ ಆಯಿಲ್ ಉಗಿಗೆ ನಿಲ್ಲಲ್ಲ, ತೊಳೆದು ಹೋಗುತ್ತದೆ. ಸ್ಟೀಮ್ ಸಿಲಿಂಡರ್ ಆಯಿಲ್ ಅಂತಲೇ ಇದೆ, 460 ಗ್ರೇಡ್, ಕಾಕಂಬಿಯ ಹಾಗೆ ದಪ್ಪ. ಲೂಬ್ರಿಕೇಟರ್, ಅಂದರೆ ಎಣ್ಣೆ ಉಣಿಸುವ ಪುಟ್ಟ ಡಬ್ಬಿ, ಅದರ ಒಳಗೆ ಸ್ವಲ್ಪ ಉಗಿ ಹೋಗಿ ತಣ್ಣಗಾಗಿ ನೀರಾಗುತ್ತದೆ, ಆ ನೀರು ಎಣ್ಣೆಗಿಂತ ಭಾರ, ಕೆಳಗೆ ಕೂತು ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ, ಎಣ್ಣೆ ಉಗಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ಒಂದು ಚಲಿಸುವ ಭಾಗವೂ ಇಲ್ಲ. ಯಾರು ಮೊದಲು ಯೋಚಿಸಿದರೋ, ಅವರ ಕಾಲಿಗೆ ಬೀಳಬೇಕು. ಪ್ರತಿ ಓಟದ ನಂತರ ಆ ನೀರು ಹೊರಗೆ ತೆಗೆದು ಹೊಸ ಎಣ್ಣೆ ತುಂಬಿ. ಮತ್ತೆ ಗ್ಯಾಸು ನೀರಿಗಿಂತ ಮೊದಲು ಮುಗಿಯಬೇಕು, ಯಾವತ್ತೂ. ತುಂಬುವಾಗ ಅದೇ ಅಂದಾಜಿನಲ್ಲಿ ತುಂಬಿ.

ಸುಮ್ನೆ ಕೇಳಿದೆ, ಮೇ 9

ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಉಗಿ ಎಂಜಿನ್ ಹೋಗಿ ಮೂವತ್ತು ವರ್ಷ ಆಯಿತು. ಈಗ ವಂದೇ ಭಾರತ್ ಓಡುತ್ತಿದೆ. ಇಷ್ಟು ದುಡ್ಡು, ಇಷ್ಟು ಬಿಸಿಲು, ಅದೂ ಮಕ್ಕಳ ಆಟಕ್ಕೆ? ಮತ್ತೆ ನಿಮ್ಮ ಎಂಜಿನ್ ಒಂದೂ ನಮ್ಮ ಕಡೆಯ ರೈಲಿನ ಹಾಗೆ ಕಾಣಲ್ಲ. ಯಾವುದೋ ಇಂಗ್ಲೆಂಡಿನ ಕಲ್ಲುಗಣಿಯದ್ದು.

ವಾಡಿ ಜಂಕ್ಷನ್, ಮೇ 9

ಕೊನೆಯ ಮಾತು ಸರಿ ಇದೆ ರೀ, ಅದಕ್ಕೆ ಉತ್ತರ ಕೊಡುತ್ತೇನೆ. ಮೊದಲಿನದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕ್ರಿಕೆಟ್ ನೋಡುವವರನ್ನು ನಾನು ಯಾಕೆ ಅಂತ ಕೇಳಲ್ಲ.

ನಮ್ಮ ಕಡೆ ಹಳಿ ಬಂದದ್ದು ಬ್ರಾಡ್‌ಗೇಜಾಗಿಯೇ. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿ.ಐ.ಪಿ.) ರೈಲ್ವೆ, ಮದ್ರಾಸ್ ಕಡೆಯಿಂದ ಇನ್ನೊಂದು, ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೋಯಿತು. ಎಲ್ಲ 1676 ಮಿ.ಮೀ. ಆ ಅಗಲವನ್ನು ಗೇಜ್ 1 ಅನ್ನುವ ಮಾದರಿ ರೈಲಿನ ಅಳತೆಗೆ, ಅಂದರೆ 32ರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಹಳಿ 52 ಮಿ.ಮೀ. ಆಗಬೇಕು. ಸಿಗುವ ಹಳಿ 45. ಹಾಗಾಗಿ ಡಬ್ಲ್ಯೂ.ಜಿ. ಗೂಡ್ಸ್ ಎಂಜಿನ್ ಮಾಡಿಸಿದರೂ ಕಾಲು ಕೂಡಿಸಿಕೊಂಡು ನಿಂತ ಆನೆಯ ಹಾಗೆ ಕಾಣುತ್ತದೆ. ವಿಜಯಪುರದವರು ಪುಣ್ಯವಂತರು, ಅವರದ್ದು ಮೀಟರ್‌ಗೇಜ್ ಇತ್ತು. 1000ವನ್ನು 22.5ರಿಂದ ಭಾಗಿಸಿ ನೋಡಿ, 44.4. ವೈ.ಪಿ. ಅನ್ನುವ ಮೀಟರ್‌ಗೇಜ್ ಉಗಿ ಎಂಜಿನ್ನು 45ರ ಹಳಿ ಮೇಲೆ ಅಳತೆ ಕೊಟ್ಟು ಹೊಲಿಸಿದ ಅಂಗಿ.

ಬೀದರ್ ಕೆಂಪು ಮಣ್ಣು, ಮೇ 10

ನಮ್ಮ ಪಕ್ಕದ ಲಾತೂರನ್ನು ಮರೆತಿರಾ ಕಾಕಾ? ಬಾರ್ಸಿ ಲೈಟ್ ರೈಲ್ವೆ. 1897ರಲ್ಲಿ ಶುರುವಾದದ್ದು, ಎವರಾರ್ಡ್ ಕಾಲ್ತ್ರೋಪ್ ಅನ್ನುವ ಎಂಜಿನಿಯರ್ ಕಟ್ಟಿದ್ದು, ಎರಡೂವರೆ ಅಡಿ ಅಗಲದ ನ್ಯಾರೋಗೇಜ್. ಆತನ ತಲೆ ನೋಡಿ. ಎಂಜಿನ್ ಇರಲಿ ವ್ಯಾಗನ್ ಇರಲಿ, ಒಂದು ಜೋಡಿ ಚಕ್ರದ ಅಚ್ಚಿನ ಮೇಲೆ ಐದು ಟನ್ನಿಗಿಂತ ಜಾಸ್ತಿ ಭಾರ ಬೀಳದ ಹಾಗೆ ಲೆಕ್ಕ ಹಾಕಿದ, ಹಾಗಾಗಿ ತೆಳು ಹಳಿ ಸಾಕಾಯಿತು. ಅದಕ್ಕೇ ಎಂಜಿನ್‌ಗೆ ಎಂಟು ದೊಡ್ಡ ಚಕ್ರ, ಹಿಂದೆ ನಾಲ್ಕು ಸಣ್ಣವು. ನಾನು ಕಟ್ಟುತ್ತಿರುವುದು ಅದನ್ನೇ. 762 ಮಿ.ಮೀ.ಯನ್ನು 24ರಿಂದ ಭಾಗಿಸಿದರೆ 32, ಕೂದಲೆಳೆ ವ್ಯತ್ಯಾಸ. 32ರ ಹಳಿ ಎಲ್ಲ ಕಡೆ ಸಿಗುತ್ತದೆ.

ನಾಲ್ಕು ವರ್ಷದಿಂದ ಕಟ್ಟುತ್ತಿದ್ದೇನೆ. ಚಕ್ರ ಆಗಿದೆ, ಚಾಸಿಸ್ ಆಗಿದೆ. ಎಂಟು ಚಕ್ರ ಒಂದೇ ಸಾಲಿನಲ್ಲಿ ಇದ್ದರೆ ತಿರುವಿನಲ್ಲಿ ಹೇಗೆ ತಿರುಗಬೇಕು ಅನ್ನುವುದರಲ್ಲೇ ಒಂದು ವರ್ಷ ಹೋಯಿತು. ನಡುವಿನ ಚಕ್ರಗಳ ಅಂಚು ತೆಳ್ಳಗೆ ಮಾಡಿ ಸ್ವಲ್ಪ ಪಕ್ಕಕ್ಕೆ ಆಡೋಕೆ ಬಿಟ್ಟೆ.

ಸುಮ್ನೆ ಕೇಳಿದೆ, ಮೇ 10

ಲಾತೂರಿನ ಆ ಸಣ್ಣ ರೈಲಲ್ಲಿ ನಮ್ಮಜ್ಜಿ ಪಂಢರಪುರಕ್ಕೆ ಹೋಗಿದ್ದರು. ಕಿಟಕಿಯಿಂದ ಹೊರಗೆ ನೋಡಿ ಕಣ್ಣಿಗೆ ಕಲ್ಲಿದ್ದಲ ಕಿಡಿ ಬಿದ್ದಿತ್ತಂತೆ, ಸಾಯೋ ತನಕ ಹೇಳುತ್ತಿದ್ದರು. ಫೋಟೋ ಇದ್ದರೆ ಹಾಕಿ.

ಹಿತ್ತಲ ರೈಲು, ಆಗಸ್ಟ್ 14

ಬಹಳ ದಿನ ಆಯಿತು. ಮಳೆ ಚೆನ್ನಾಗಿ ಬಂತು. ಕಂಬ 22 ನೆಟ್ಟಿದ್ದೇನೆ, ಎರಡು ಸ್ವಲ್ಪ ಎದ್ದಿವೆ, ಬಚ್ಚಲ ಹತ್ತಿರದವು. ಮೇಲಿನ ಕಲ್ಲನ್ನು ಕಂಬಕ್ಕೆ ಸಿಮೆಂಟಿನಲ್ಲಿ ಕಟ್ಟಿರಲಿಲ್ಲ, ಸುಮ್ನೆ ಕೂರಿಸಿದ್ದೆ. ಹಾಗಾಗಿ ಎತ್ತಿ ಕೆಳಗೆ ಇಟ್ಟಿದ್ದ ಕಲ್ಲಿನ ಚಿಪ್ಪು ತೆಗೆದು ಮಟ್ಟ ಮಾಡೋಕೆ ಅರ್ಧ ಗಂಟೆ ಸಾಕಾಯಿತು. ಬಚ್ಚಲ ನೀರಿಗೆ ಬೇರೆ ಪೈಪ್ ಹಾಕಿಸಿದೆ, ಮೊದಲೇ ಮಾಡಬೇಕಿತ್ತು. ಕಲ್ಲಿನ ಮೇಲೆ ಒಂದು ಇಂಚು ಬಾರೀಕ್ ಖಡಿ, ಅಂಚಿಗೆ ಅದೇ ಕಲ್ಲಿನ ಪಟ್ಟಿ. ಒಂದೇ ಕಡೆ ಸ್ಕ್ರೂ, ಕಾಕಾ.

ಹೊಸ ಎಂಜಿನ್ ತಗೊಂಡಿಲ್ಲ. ಇದೇ ಎಂಜಿನ್ ಈಗ ರೆಗ್ಯುಲೇಟರ್ ಮುಟ್ಟದೆ 24 ನಿಮಿಷ ಸುತ್ತಿತು. ನಾನು ಕುರ್ಚಿ ಹಾಕಿಕೊಂಡು ಚಹಾ ಕುಡಿದೆ.

ಫರ್ಸಿ ಕಲ್ಲು, ಆಗಸ್ಟ್ 14

ಎದ್ದ ಕಂಬ ಎರಡೇನಾ? ನಾನು ಐದು ಅಂದುಕೊಂಡಿದ್ದೆ.

ಹಿತ್ತಲ ರೈಲು, ಡಿಸೆಂಬರ್ 22

ಇವತ್ತು ಬೆಳಿಗ್ಗೆ ಆರೂವರೆಗೆ ಬೆಂಕಿ ಹಚ್ಚಿದೆ. ಚಳಿ ಇತ್ತು. ಚಿಮಣಿಯಿಂದ ಬೆಳ್ಳಗೆ ಉಗಿ ಎದ್ದು ಸಾಲು ಹಿಡಿದು ಹಿಂದೆ ಬಂತು! ಒಂದು ವರ್ಷದಿಂದ ಓಡಿಸುತ್ತಿದ್ದೇನೆ, ಇಷ್ಟು ಚೆಂದ ಕಂಡಿರಲೇ ಇಲ್ಲ. ಬೇಸಿಗೆಯಲ್ಲಿ ಏನೂ ಕಾಣುತ್ತಿರಲಿಲ್ಲ, ಎಂಜಿನ್ ಕೆಟ್ಟಿದೆ ಅಂದುಕೊಂಡಿದ್ದೆ.

ಬೀದರ್ ಕೆಂಪು ಮಣ್ಣು, ಡಿಸೆಂಬರ್ 22

ಕೆಟ್ಟಿರಲಿಲ್ಲ. ನಮ್ಮ ಬೇಸಿಗೆ ಗಾಳಿ ಒಣ, ಬಿಸಿ, ಉಗಿ ಹನಿಯಾಗೋಕೆ ಪುರುಸೊತ್ತೇ ಕೊಡಲ್ಲ. ಇನ್ನು ಫೆಬ್ರುವರಿ ತನಕ ನಮ್ಮ ಸೀಸನ್. ಬರುವ ಭಾನುವಾರ ಬಿಡುವಿದೆಯಾ? ಬೀದರ್-ಕಲಬುರಗಿ ಹೊಸ ಲೈನಿನಲ್ಲಿ ಬೆಳಗಿನ ಗಾಡಿಗೆ ಬರುತ್ತೇನೆ, ಬಾರ್ಸಿ ಚಾಸಿಸ್ ತರುತ್ತೇನೆ. ಗಾಳಿಯಲ್ಲಾದರೂ ತಿರುಗಿಸಿ ನೋಡೋಣ.

ಯಾದಗಿರಿ ಹುಡುಗ, ಡಿಸೆಂಬರ್ 22

ನಾನೂ ಬರ್ತೀನಿ ಅಣ್ಣಾ. ಆಡುವ ಸಿಲಿಂಡರ್ ಓಡಿತು. ಸ್ವಲ್ಪ ಸೋರುತ್ತದೆ. ಅಕ್ಕಾ ನೀವೂ ಬಂದರೆ ತೋರಿಸ್ತೀನಿ.

ಲೇಥ್ ಅಕ್ಕ, ಡಿಸೆಂಬರ್ 22

ಬರುತ್ತೇನೆ. ಒಂಚೂರು ಸೋರದ ಆಡುವ ಸಿಲಿಂಡರ್ ನಾನು ಇನ್ನೂ ನೋಡಿಲ್ಲ, ಹೆದರಬೇಡ. ಸ್ಪ್ರಿಂಗ್ ಬಿಚ್ಚದೆ ಹಾಗೇ ತಗೊಂಡು ಬಾ.

ಹಿತ್ತಲ ರೈಲು, ಡಿಸೆಂಬರ್ 22

ಎಲ್ಲರೂ ಬನ್ನಿ, ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಮನೆಯಲ್ಲಿ ಹೇಳಿದ್ದೇನೆ. ಮಲ್ಲಿಗೆ ಮತ್ತೆ ಚಿಗುರಿದೆ, ಹಾಗಾಗಿ ಹೇಳೋಕೆ ಧೈರ್ಯ ಬಂತು. ಬೀದರ್ ಅಣ್ಣಾ, ಒಂದೇ ಮಾತು, ನಿಮ್ಮದು 32, ನನ್ನದು 45. ಎಲ್ಲಿ ಓಡಿಸ್ತೀರಿ?

ಬೀದರ್ ಕೆಂಪು ಮಣ್ಣು, ಡಿಸೆಂಬರ್ 23

ಅಯ್ಯೋ ಹೌದಲ್ಲ. ನಾಲ್ಕು ಮೀಟರ್ ಹಳಿ ಹೊತ್ತು ತರುತ್ತೇನೆ, ನಿಮ್ಮ ಎರಡು ಹಳಿಯ ನಡುವೆ ಮೂರನೇದಾಗಿ ಇಟ್ಟು ನೋಡೋಣ. ಸ್ಲೀಪರ್ ಮೇಲೆ ಅಂಚಿನಿಂದ ಅಂಚಿಗೆ ಎಷ್ಟು ಜಾಗ ಇದೆ ಅಂತ ಅಳೆದು ಹೇಳಿ, ಇವತ್ತೇ.